ಬಸುರಿಯ ಹಲ್ಲುನೋವು

ಗುಬ್ಬಿಯ ಪೇಟೆ ಬೀದಿಯಲ್ಲಿ ನಾನು ಬಾಡಿಗೆಗಿದ್ದ ಮನೆಗೂ ಟೈಲರ್ ರುದ್ರಯ್ಯನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಗಿನ ಆರಕ್ಕೆಲ್ಲ ಗೋಡೆಯಾಚೆ ಹೊಲಿಗೆ ಮೆಷಿನ್ನಿನ ಸದ್ದು ಶುರುವಾಗುತ್ತಿತ್ತು. ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಒಂದೆರಡು ರವಿಕೆಗಳಾದರೂ ಮುಗಿದಿರುತ್ತಿದ್ದವು. ರುದ್ರಯ್ಯ ಮನೆಯ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡಿದ್ದ. ಅವನು ಬಟ್ಟೆ ಕತ್ತರಿಸಿ ಹೊಲಿಯುವನು. ಹೆಂಡತಿ ಸರ್ವಮಂಗಳ ಒಳಕೋಣೆಯಲ್ಲಿ ಕೂತು ಕಾಜ ಹಾಕಿ ಗುಂಡಿ ಹೊಲಿಯುವಳು. ತಾಯಿ ಸಿದ್ದಗಂಗಮ್ಮ ಅಡಿಗೆಮನೆಯಿಂದಲೇ ಇಬ್ಬರ ಮೇಲೂ ಒಂದು ಕಣ್ಣಿಟ್ಟಿರುವಳು.

ಸಿದ್ದಗಂಗಮ್ಮ ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಅತ್ತೆಯಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಆಕೆ ಹಾಗಿರಲಿಲ್ಲ. ಮದುವೆಯಾಗಿ ನಾಲ್ಕನೆಯ ವರ್ಷಕ್ಕೆ ಸರ್ವಮಂಗಳ ಬಸುರಿಯಾದಾಗ, ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದವಳು ಆಕೆಯೇ. ಸೊಸೆಗೆ ಬಿಂದಿಗೆ ಎತ್ತಲು ಬಿಡುತ್ತಿರಲಿಲ್ಲ. ಮಗನಿಗೆ ತಪ್ಪಿಸಿಯಾದರೂ ಸೊಸೆಯ ರೊಟ್ಟಿಗೆ ಬೆಣ್ಣೆ ಹಾಕುತ್ತಿದ್ದಳು. ಆದರೆ ಆ ಅಕ್ಕರೆಯ ಜೊತೆಗೆ ಕಟ್ಟುಪಾಡುಗಳೂ ಇದ್ದವು. ಬಸುರಿಯ ಮೈಗೆ ಕಬ್ಬಿಣ ಸೋಕಬಾರದು. ಹೆರಿಗೆಗೆ ಮುಂಚೆ ಅವಳ ಒಂದು ಹನಿ ರಕ್ತವೂ ಬೀಳಬಾರದು. ಸೂಜಿಮದ್ದು ಕೂಡದು. ಏನೇ ನೋವಿದ್ದರೂ ಹೆರಿಗೆಯಾಗುವವರೆಗೆ ತಡೆದುಕೊಳ್ಳಬೇಕು. ಇವನ್ನೆಲ್ಲ ಆಕೆ ಹೊಸದಾಗಿ ಹುಟ್ಟಿಸಿದ್ದಲ್ಲ. ನಮ್ಮ ಬೀದಿಯ ಯಾವ ಮನೆಯಲ್ಲಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು.

ಸರ್ವಮಂಗಳ ನಿಟ್ಟೂರಿನ ಹುಡುಗಿ. ಏಳನೆಯ ಕ್ಲಾಸು ಪಾಸು ಮಾಡಿದ್ದಳು. ಮಾತು ಕಡಿಮೆ. ದಾರವನ್ನು ಹಲ್ಲಿನಲ್ಲೇ ಕಚ್ಚಿ ಕಡಿಯುವುದು ಅವಳ ರೂಢಿ. ೧೯೮೦ರ ಸಂಕ್ರಾಂತಿಯ ದಿನ ನಮ್ಮ ಮನೆಗೆ ಎಳ್ಳು ಬೀರಲು ಬಂದವಳು, ನಾನು ಕೊಟ್ಟ ಕಬ್ಬಿನ ತುಂಡನ್ನು ಕಚ್ಚಿದವಳೇ ಕೆನ್ನೆ ಹಿಡಿದುಕೊಂಡು ಕೂತುಬಿಟ್ಟಳು.

"ಏನಾಯ್ತೇ ಮಂಗಳಾ?"

"ಟೀಚರಮ್ಮ, ಹಲ್ಲು ಮುರೀತು ಅನ್ಸುತ್ತೆ."

ಬಾಯಿ ತೆರೆಸಿ ನೋಡಿದೆ. ಎಡಗಡೆ ಕೆಳದವಡೆಯ ಕೊನೆಯ ಹಲ್ಲು. ಎಷ್ಟು ದಿನದಿಂದ ಹುಳುಕಾಗಿತ್ತೋ, ಕಪ್ಪು ತೂತಿನ ಒಂದು ಗೋಡೆ ಸಿಡಿದುಹೋಗಿತ್ತು. ಆಗ ಅವಳಿಗೆ ಐದು ತಿಂಗಳು.

"ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಬಾರದಾ?" ಎಂದು ಆ ಸಂಜೆ ಸಿದ್ದಗಂಗಮ್ಮನನ್ನು ಕೇಳಿದೆ.

"ನೀವೇ ಹಿಂಗಂದ್ರೆ ಹೆಂಗೆ ಟೀಚರಮ್ಮ? ಹಲ್ಲಿನ ನರ ಹೊಟ್ಟೆಗಂಟ ಇಳಿದೈತೆ. ಬಸ್ರಿ ಹೆಂಗಸ್ನ ಹಲ್ಲಿಗೆ ಇಕ್ಕಳ ಹಾಕಿದ್ರೆ ಕೂಸು ಉಳಿದಾತಾ? ಲವಂಗ ಕಚ್ಕೊಂಡಿರ್ಲಿ, ಉಪ್ಪುನೀರು ಮುಕ್ಕಳಿಸ್ಲಿ. ಹೆರಿಗೆ ಆದ್ರೆ ತಾನೇ ಹೋಯ್ತದೆ ಬುಡಿ."

ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು. ಹಲ್ಲಿನ ನರ ಹೊಟ್ಟೆಗೆ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ, ಹೆತ್ತು ಅನುಭವವಿಲ್ಲದ ನಾನು ಹಿರಿಯರ ಎದುರು ಏನು ಹೇಳುವುದು ಎಂದು ಸುಮ್ಮನಾದೆ. ಆ ಸುಮ್ಮನಿದ್ದ ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಹೇಳುತ್ತೇನೆ.

ಲವಂಗ, ಉಪ್ಪುನೀರು ಎರಡು ವಾರ ನಡೆದವು. ನೋವು ಕೊಂಚ ತಗ್ಗುವುದು, ಮತ್ತೆ ಎದ್ದು ಬರುವುದು. ಸರ್ವಮಂಗಳ ಬಲಗಡೆಯೇ ಅಗಿಯತೊಡಗಿದಳು. ಆಮೇಲೆ ಅಗಿಯುವುದನ್ನೇ ಬಿಟ್ಟಳು. ಮುದ್ದೆಯನ್ನು ಹೇಗೋ ನುಂಗುವಳು. ರೊಟ್ಟಿ, ಕಾಳು, ಸೊಪ್ಪು ತಟ್ಟೆಯಲ್ಲೇ ಉಳಿಯುತ್ತಿದ್ದವು. ಬಸುರಿಯ ಮೈ ತುಂಬಿಕೊಳ್ಳಬೇಕಾದ ಕಾಲದಲ್ಲಿ ಅವಳ ತೋಳಿನ ಬಳೆಗಳು ಸಡಿಲವಾದವು. ಹಿತ್ತಲಿನಲ್ಲಿ ಬಾಯಿತುಂಬ ತಣ್ಣೀರು ತುಂಬಿಕೊಂಡು ಅತ್ತಿಂದಿತ್ತ ನಡೆಯುವಳು. ನೀರು ಬೆಚ್ಚಗಾದ ಕೂಡಲೇ ಉಗಿದು ಮತ್ತೆ ತುಂಬಿಕೊಳ್ಳುವಳು. ಆದರೂ ಕಾಜ ಹಾಕುವ ಕೆಲಸ ಒಂದು ದಿನ ನಿಲ್ಲಿಸಲಿಲ್ಲ. "ಕೈಯಲ್ಲಿ ಕೆಲ್ಸ ಇದ್ರೆ ನೋವು ಒಸಿ ಮರೀತದೆ ಟೀಚರಮ್ಮ," ಅನ್ನುತ್ತಿದ್ದಳು.

ಆಗ ಬಂದವನು ಕದರಯ್ಯ. ಸಂತೆಯಿಂದ ಸಂತೆಗೆ ತಿರುಗುತ್ತ ಹಲ್ಲಿನ ಹುಳ ತೆಗೆಯುವವನು. ಕಾದ ಕಬ್ಬಿಣದ ಬಿಲ್ಲೆಯ ಮೇಲೆ ಎಣ್ಣೆ ಬಿಟ್ಟು, ಕಾಡುಬದನೆ ಜಾತಿಯ ಗುಳ್ಳದ ಕಾಯಿಯ ಬೀಜ ಉದುರಿಸಿ, ಏಳುವ ಹೊಗೆಯನ್ನು ತೆಂಗಿನ ಕರಟದ ತೂತಿನಿಂದ ಸರ್ವಮಂಗಳಳ ಬಾಯಿಗೆ ಹಿಡಿದ. ಅವಳು ಕೆಮ್ಮಿ ಕೆಮ್ಮಿ ಕಣ್ಣು ಮೇಲಾಗುವಂತಾದಳು. ತುಟಿಯ ಮೂಲೆ ಸುಟ್ಟು ಬೊಬ್ಬೆ ಎದ್ದಿತು. ಅವಳ ಬಾಯಿಯ ಕೆಳಗಿಟ್ಟಿದ್ದ ಬಟ್ಟಲಿನ ನೀರಿನಲ್ಲಿ ತೇಲುತ್ತಿದ್ದ ಬಿಳಿಯ ಎಳೆಗಳನ್ನು ಕದರಯ್ಯ ಎಲ್ಲರಿಗೂ ತೋರಿಸಿದ.

"ನೋಡ್ರವ್ವ, ಏಳು ಹುಳ. ಇನ್ನೇನ್ ಭಯ ಇಲ್ಲ."

ಸಿದ್ದಗಂಗಮ್ಮ ಕೈಮುಗಿದಳು. ಎಷ್ಟೋ ತಿಂಗಳ ಮೇಲೆ ನಾನು ನನ್ನ ಒಲೆಯ ಮೇಲೆ ಅದೇ ಬೀಜವನ್ನು ಸುಟ್ಟು, ನೀರಿನ ಬಟ್ಟಲನ್ನು ಹೊಗೆಗೆ ಹಿಡಿದೆ. ಯಾರ ಬಾಯಿಯೂ ಇಲ್ಲದೆ ಅಂಥವೇ ಎಳೆಗಳು ಬಟ್ಟಲಿಗೆ ಬಿದ್ದವು. ಬೀಜ ಸಿಡಿದಾಗ ಹೊರಬರುವ ಮೊಳಕೆ ಅದು. ಹುಳವಲ್ಲ.

ಹುಳ ತೆಗೆದ ಎರಡನೆಯ ದಿನಕ್ಕೆ ನೋವು ಮೊದಲಿಗಿಂತ ಹೆಚ್ಚಾಗಿ ಬಂತು. ರುದ್ರಯ್ಯ ಮೆತ್ತನೆಯ ಮನುಷ್ಯ. ತಾಯಿಗೆ ಎದುರಾಡಲಾರ, ಹೆಂಡತಿಯ ನರಳಾಟ ನೋಡಲಾರ. ಔಷಧಿ ಅಂಗಡಿಯವನಿಗೆ 'ಹಲ್ಲುನೋವು' ಎಂದಷ್ಟೇ ಹೇಳಿ, ಯಾರಿಗೆಂದು ಹೇಳದೆ, ಒಂದಿಷ್ಟು ಮಾತ್ರೆ, ಒಂದಿಷ್ಟು ಹಳದಿ ಕ್ಯಾಪ್ಸೂಲು ತಂದು ಹೆಂಡತಿಯ ಕೈಗೆ ಗುಟ್ಟಾಗಿ ಕೊಟ್ಟ. ಅವಳು ಅವನ್ನು ಸೂಜಿ ಡಬ್ಬಿಯಲ್ಲಿ ಅಡಗಿಸಿಟ್ಟಳು. ನೋವು ಬಂದಾಗಲೆಲ್ಲ ಒಂದು ಮಾತ್ರೆ ನುಂಗುವಳು, ಇನ್ನೊಂದನ್ನು ಹಲ್ಲಿನ ಪಕ್ಕಕ್ಕೇ ಒತ್ತಿಕೊಳ್ಳುವಳು. ವಸಡು ಬೆಂದು ಬೆಳ್ಳಗಾಗಿತ್ತು.

ಇದು ಹೊರಬಿದ್ದದ್ದು ನರ್ಸ್ ಕೌಸಲ್ಯ ಬಂದ ದಿನ. ಕೌಸಲ್ಯ ತಿಂಗಳಿಗೊಮ್ಮೆ ಬಸುರಿಯರ ಮನೆಗಳಿಗೆ ಬರುತ್ತಿದ್ದರು. ಬಿಳಿ ಸೀರೆ, ಹೆಗಲಲ್ಲೊಂದು ಚೀಲ, ಬಿಸಿಲಿಗೆ ಕಪ್ಪಾದ ಮುಖ. ಹಳ್ಳಿಗಳನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತುವ ಹೆಂಗಸು. ಸರ್ವಮಂಗಳಳ ತೂಕ ಹೋದ ತಿಂಗಳಿಗಿಂತ ಇಳಿದದ್ದನ್ನು ನೋಡಿ ಏನು ತಿನ್ನುತ್ತೀ ಎಂದು ಕೇಳಿದರು. ಬಾಯಿ ತೆರೆಸಿದರು. ಸೂಜಿ ಡಬ್ಬಿಯನ್ನೂ ತೆರೆಸಿದರು.

"ಈ ಹಳದಿ ಕ್ಯಾಪ್ಸೂಲು ಎಷ್ಟು ತಗೊಂಡೆ?"

"ಎರಡು, ನರ್ಸಮ್ಮ. ಇವ್ರು ತಂದ್ಕೊಟ್ರು."

"ಸಾಕು, ಇನ್ನು ಮುಟ್ಟಬೇಡ. ಇದು ಟೆಟ್ರಾಸೈಕ್ಲಿನ್ನು. ಹೊಟ್ಟೇಲಿರೋ ಮಗುವಿನ ಹಲ್ಲು, ಮೂಳೆಗೆ ಆಗಲ್ಲ. ಈ ಬಿಳಿ ಮಾತ್ರೆ ಆಸ್ಪಿರಿನ್ನು. ಬಸುರಿಯರು ಡಾಕ್ಟರನ್ನ ಕೇಳದೆ ನುಂಗೋ ಹಾಗಿಲ್ಲ, ವಸಡಿಗಂತೂ ಇಡಲೇಬಾರದು, ಸುಟ್ಟುಹೋಗುತ್ತೆ. ನೋವಿಗೆ ನಾನು ಪ್ಯಾರಾಸಿಟಮಾಲ್ ಕೊಡ್ತೀನಿ. ಹೇಳಿದಷ್ಟೇ ತಗೋ. ಆದರೆ ಒಂದು ಮಾತು. ಮಾತ್ರೆ ನೋವನ್ನ ಮಲಗಿಸುತ್ತೆ ಅಷ್ಟೆ. ಹಲ್ಲಿನ ಬೇರಲ್ಲಿ ಕೀವಾಗ್ತಿದೆ. ಅದನ್ನ ಹಲ್ಲಿನ ಡಾಕ್ಟರೇ ತೆಗೀಬೇಕು."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಗಂಗಮ್ಮ ಈಗ ಮುಂದೆ ಬಂದಳು. ಮಗ ಕದ್ದು ಮಾತ್ರೆ ತಂದದ್ದು ಕೇಳಿ, ಮೆಷಿನ್ನಿನ ಮುಂದಿದ್ದ ಅವನ ಕಡೆ ತಿರುಗಿದಳು.

"ನಂಗೊತ್ತಿಲ್ದಂಗೆ ಇಂಗ್ಲಿಷ್ ಔಷ್ದಿ ತಂದ್ಕೊಟ್ಯೇನ್ಲಾ? ನೋಡಿದ್ರಾ ನರ್ಸಮ್ಮ, ಔಷ್ದಿ ಕೆಟ್ಟದ್ದು ಅಂತ ನೀವೇ ಹೇಳ್ತಿದೀರಿ."

"ಕೇಳದೆ ತಗೊಂಡ ಔಷಧಿ ಕೆಟ್ಟದ್ದು ಅಂದೆ ಅಮ್ಮ. ಬಸುರಿ ಅಂತ ಗೊತ್ತಿದ್ದೇ ಕೊಡೋ ಔಷಧಿ ಬೇರೆ ಇದೆ. ಮರಗಟ್ಟಿಸೋ ಇಂಜೆಕ್ಷನ್ ದವಡೆಗೆ ಮಾತ್ರ ಹಾಕ್ತಾರೆ, ಮಗುವಿಗೆ ಏನೂ ಆಗಲ್ಲ. ನಾಲ್ಕರಿಂದ ಆರು ತಿಂಗಳು ಇದಕ್ಕೆಲ್ಲ ಒಳ್ಳೇ ಕಾಲ. ಈಗ ಬಿಟ್ಟರೆ ಮುಂದೆ ಕಷ್ಟ."

"ರಕ್ತ ಬರಲ್ವಾ?"

"ಒಂದು ಚಮಚ ಬರಬಹುದು."

"ಅದೇ ಬ್ಯಾಡ ಅಂತಿರೋದು ನಾನು." ಸಿದ್ದಗಂಗಮ್ಮ ತಟಕ್ಕನೆ ನರ್ಸಿನ ಕಾಲಿಗೆ ಕೈ ಹಾಕಿದಳು. "ನಿಮ್ ಕಾಲ್ ಹಿಡೀತೀನಿ ಕಣವ್ವ, ಈ ಮನೆ ಬಸ್ರಿ ತಂಟೆಗೆ ಬರ್ಬ್ಯಾಡಿ. ಒಂದ್ ಸಲ ಕಳ್ಕೊಂಡಿವ್ನಿ. ಇನ್ನೊಂದ್ ಸಲ ತಡ್ಕೊಳ್ಳೋ ಸಕ್ತಿ ನಂಗಿಲ್ಲ."

ಏನನ್ನು ಕಳೆದುಕೊಂಡದ್ದು ಎಂದು ಯಾರೂ ಕೇಳಲಿಲ್ಲ. ಕೌಸಲ್ಯ ಆಕೆಯನ್ನು ಎಬ್ಬಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಹೊರಡುವಾಗ ಸರ್ವಮಂಗಳಳ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ದವಡೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯೋಕಾಗದಿದ್ದರೆ, ಎಂಜಲು ನುಂಗೋದು ಕಷ್ಟ ಆದರೆ, ಇವುಗಳಲ್ಲಿ ಒಂದು ಕಂಡರೂ ಒಂದು ಗಂಟೆ ಕಾಯಬೇಡ. ನೆನಪಿಟ್ಟುಕೋ."

ಸರ್ವಮಂಗಳ ತಲೆಯಾಡಿಸಿದಳು. ನೆನಪಿಟ್ಟುಕೊಂಡಳು ಕೂಡ.

ಶಿವರಾತ್ರಿ ಬಂತು. ಉಪವಾಸದ ದಿನ ಅವಳು ಏನೂ ತಿನ್ನದ್ದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ. ಮಾರನೆಯ ದಿನ, ಶುಕ್ರವಾರ ರಾತ್ರಿ, ದವಡೆಯ ಕೆಳಗೆ ಗಂಟು ಕಾಣಿಸಿತು. ಶನಿವಾರ ಬೆಳಗ್ಗೆ ನಾನು ಹೋಗಿ ನೋಡಿದೆ. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಊದಿ, ಚರ್ಮ ಮಿರಮಿರ ಹೊಳೆಯುತ್ತಿತ್ತು. ಮೈ ಕೆಂಡ. ಹಲ್ಲುಗಳ ನಡುವೆ ಒಂದು ಬೆರಳು ಮಾತ್ರ ತೂರುತ್ತಿತ್ತು. ಎಂಜಲು ನುಂಗಲಾರದೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು.

ಅದು ಫೆಬ್ರವರಿ ಹದಿನಾರು. ಆ ದಿನ ನೆನಪಿರುವವರು ಈಗಲೂ ಇದ್ದಾರೆ. ಶನಿವಾರ, ಅಮಾವಾಸ್ಯೆ, ಸೂರ್ಯಗ್ರಹಣ. ಮಧ್ಯಾಹ್ನ ಎರಡರ ಮೇಲೆ ಗ್ರಹಣ ಹಿಡಿಯುವುದೆಂದು ರೇಡಿಯೋದವರು ವಾರದಿಂದ ಹೇಳುತ್ತಿದ್ದರು. ಬೀದಿಯಲ್ಲಿ ಅಂಗಡಿಗಳು ಬೆಳಗ್ಗೆಯೇ ಮುಚ್ಚತೊಡಗಿದ್ದವು. ನೀರಿನ ಪಾತ್ರೆಗಳಿಗೆ ದರ್ಭೆ ಬಿದ್ದಿತ್ತು. ಸಿದ್ದಗಂಗಮ್ಮ ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಚಾಪೆ ಹಾಸಿ, ಸೊಸೆ ಅಲುಗಾಡದೆ ಮಲಗಲು ಜಾಗ ಸಿದ್ಧ ಮಾಡುತ್ತಿದ್ದಳು.

ನಾನು ಓಡಿಹೋಗಿ ಕೌಸಲ್ಯರನ್ನು ಕರೆತಂದೆ. ಅವರು ಸರ್ವಮಂಗಳಳ ಗಂಟಲಿನ ಮೇಲೆ ಬೆರಳಿಟ್ಟು ನೋಡಿ ಎದ್ದು ನಿಂತರು.

"ಈಗಲೇ ತುಮಕೂರಿಗೆ ಹೊರಡಬೇಕು ರುದ್ರಯ್ಯ. ಕೀವು ಗಂಟಲಿಗೆ ಇಳೀತಿದೆ."

"ಇವತ್ತಾ?" ಸಿದ್ದಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗರಣದ ದಿನ ಬಸ್ರಿ ಹೊಸಿಲು ದಾಟೋದಾ? ಕೂಸಿನ ತುಟಿ ಸೀಳ್ತದೆ, ಕೈಕಾಲು ಊನ ಆಯ್ತದೆ. ನಾಳೆ ತಲೆಗೆ ನೀರುಯ್ದು ಕಳಿಸ್ತೀನಿ. ಒಂದ್ ದಿನ. ಒಂದೇ ಒಂದ್ ದಿನ ತಡ್ಕೊಳ್ಳಿ ಅಂದೆ."

"ನಾಳೆವರೆಗೆ ಇವಳಿಗೆ ಉಸಿರು ಇರುತ್ತೆ ಅಂತ ನಾನು ಹೇಳಲಾರೆ ಅಮ್ಮ."

"ಎಂಥ ಮಾತಾಡ್ತೀರಿ ಬಾಗ್ಲಲ್ಲಿ ನಿಂತ್ಕಂಡು! ಲೋ ರುದ್ರ, ನೀನ್ ಹೇಳೋ. ಅವ್ವನ ಮಾತು ಮೀರ್ತೀಯಾ?"

ರುದ್ರಯ್ಯ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ನೆಲ ನೋಡಿದ. ನಾನೂ ಏನೂ ಹೇಳಲಿಲ್ಲ. ಸತ್ಯ ಹೇಳಬೇಕೆಂದರೆ, ಗ್ರಹಣವೆಂದರೆ ಚಂದ್ರನ ನೆರಳು ಎಂದು ಶುಕ್ರವಾರವಷ್ಟೇ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದ ನನಗೂ ಆ ಕ್ಷಣ ಭಯವಾಗಿತ್ತು.

ಆಗ ಸರ್ವಮಂಗಳ ಎದ್ದಳು. ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಳು. ಕತ್ತರಿಸುವ ಮೇಜಿನ ಮೇಲೆ ವಕೀಲರೊಬ್ಬರ ಕರಿಕೋಟಿನ ಬಟ್ಟೆ ಹರಡಿತ್ತು. ಮಾತಾಡಲು ಅವಳ ಬಾಯಿ ತೆರೆಯುತ್ತಿರಲಿಲ್ಲ. ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಆ ಕಪ್ಪು ಬಟ್ಟೆಯ ಮೇಲೆ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು. ಬರೆದು ಗಂಡನ ಕಡೆ ತಿರುಗಿ ಬೆರಳಿನಿಂದ ತೋರಿಸಿದಳು.

"ಏನಂತ ಬರ್ದವ್ಳೆ?" ಓದು ಬಾರದ ಸಿದ್ದಗಂಗಮ್ಮ ಕೇಳಿದಳು. "ಓದೋ."

ರುದ್ರಯ್ಯ ಬಟ್ಟೆಯ ಮೇಲೆ ಬಾಗಿದ. ಎರಡು ಸಲ ಶುರುಮಾಡಿ ನಿಲ್ಲಿಸಿ, ಮೂರನೆಯ ಸಲ ಓದಿದ:

"ಅತ್ತೆ, ನಾನು ಹೋಗ್ತೀನಿ. ಕರ್ಕೊಂಡು ಹೋದ್ರೆ ಬಸ್ಸಲ್ಲಿ ಹೋಗ್ತೀನಿ. ಇಲ್ಲಾಂದ್ರೆ ನಡ್ಕೊಂಡು ಹೋಗ್ತೀನಿ. ನಾನು ಸತ್ರೆ ಮಗೂನ ಯಾರು ಹೆರ್ತಾರೆ?"

ಸರ್ವಮಂಗಳ ಗೂಟದ ಮೇಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿಗೆ ನಡೆದಳು. ಅತ್ತೆಯನ್ನು ತಳ್ಳಲಿಲ್ಲ. ಎದುರಿಗೆ ನಿಂತು ಆಕೆಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಮುಖವನ್ನೇ ನೋಡುತ್ತ ಕಾದಳು. ಸಿದ್ದಗಂಗಮ್ಮ ಪಕ್ಕಕ್ಕೆ ಸರಿದು, ಗೋಡೆಗೆ ಮುಖ ಮಾಡಿ ನಿಂತಳು. ರುದ್ರಯ್ಯ ಚಪ್ಪಲಿಯನ್ನೂ ಮೆಟ್ಟದೆ ಹೆಂಡತಿಯ ಹಿಂದೆ ಓಡಿದ. ನಾನೂ ನನ್ನ ಮನೆಗೆ ಬೀಗ ಹಾಕಿ ಹೊರಟೆ. ಅವಳೇ ನಡೆಯುತ್ತಿರುವಾಗ ನಾನು ಯಾವ ಮುಖ ಹೊತ್ತುಕೊಂಡು ಒಳಗೆ ಕೂರಲಿ?

ಬಸ್ಸಿನಲ್ಲಿ ನಮ್ಮನ್ನು ಬಿಟ್ಟರೆ ಮೂರೋ ನಾಲ್ಕೋ ಜನ. ಕಂಡಕ್ಟರು ಸರ್ವಮಂಗಳಳ ಹೊಟ್ಟೆ ನೋಡಿ, "ಇವತ್ತೇ ಹೊರಡ್ಬೇಕಾಗಿತ್ತಾ ಸ್ವಾಮಿ?" ಎಂದ. ಅವಳು ಮುಖದ ಮೇಲಿನ ಟವೆಲು ಸರಿಸಿ ತೋರಿಸಿದಳು. ಅವನು ಹೋಗಿ ಡ್ರೈವರಿಗೆ ಏನೋ ಹೇಳಿದ. ಬಸ್ಸು ತುಮಕೂರಿನವರೆಗೆ ಎಲ್ಲಿಯೂ ಸುಮ್ಮನೆ ನಿಲ್ಲಲಿಲ್ಲ.

ಕೌಸಲ್ಯ ಚೀಟಿ ಬರೆದುಕೊಟ್ಟಿದ್ದು ಚಿಕ್ಕಪೇಟೆಯ ಹಲ್ಲಿನ ಡಾಕ್ಟರ್ ಯೋಗನರಸಿಂಹ ಅವರಿಗೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಜಟಕಾ ಇರಲಿಲ್ಲ. ಹಬ್ಬದ ದಿನವೂ ಅಷ್ಟು ಖಾಲಿಯಿರದ ಬೀದಿಗಳಲ್ಲಿ ನಾವು ಮೂವರೇ ನಡೆದೆವು. ಸರ್ವಮಂಗಳ ಹತ್ತು ಹೆಜ್ಜೆಗೊಮ್ಮೆ ನಿಲ್ಲುವಳು, ಮೂಗಿನಲ್ಲಿ ಉಸಿರೆಳೆದುಕೊಳ್ಳುವಳು, ಮತ್ತೆ ನಡೆಯುವಳು. ಕ್ಲಿನಿಕ್ಕಿನ ಬಾಗಿಲು ಮುಚ್ಚಿತ್ತು. ರುದ್ರಯ್ಯ ಬಡಿದ. ಮಹಡಿಯ ಮೇಲಿನ ಮನೆಯಿಂದ ಮುದುಕಿಯೊಬ್ಬರ ದನಿ, "ಇವತ್ತು ಇಲ್ಲ, ನಾಳೆ ಬನ್ನಿ," ಎಂದಿತು. ರುದ್ರಯ್ಯ ಬಡಿಯುವುದನ್ನು ನಿಲ್ಲಿಸಲಿಲ್ಲ. ತಾಯಿಯ ಮುಂದೆ ಆಡದ ಮಾತನ್ನೆಲ್ಲ ಆ ಬಾಗಿಲಿಗೆ ಬಡಿದು ಹೇಳುತ್ತಿದ್ದಾನೆ ಅನ್ನಿಸಿತು.

ಕೊನೆಗೆ ಡಾಕ್ಟರೇ ಇಳಿದು ಬಂದರು. ಮೂವತ್ತೈದರ ಆಸುಪಾಸಿನ, ತೆಳ್ಳನೆಯ ಮನುಷ್ಯ. ಚೀಟಿ ಓದುವ ಮೊದಲೇ ಅವಳ ಮುಖ ನೋಡಿ, "ಒಳಗೆ ಬನ್ನಿ, ಒಳಗೆ ಬನ್ನಿ," ಎಂದರು. ಕಾಂಪೌಂಡರು ಬಂದಿರಲಿಲ್ಲ. ನನ್ನ ಕೈಗೆ ಸೋಪು ಕೊಟ್ಟು ಮೊಣಕೈವರೆಗೆ ತೊಳೆದುಕೊಳ್ಳಲು ಹೇಳಿದರು. ಕುರ್ಚಿ ಹಿಂದಕ್ಕೆ ಬಾಗಿಸಿ, ಅವಳ ಬಲಸೊಂಟದ ಕೆಳಗೆ ದಿಂಬು ಇಟ್ಟು ಮೈಯನ್ನು ಕೊಂಚ ಎಡಕ್ಕೆ ವಾಲಿಸಿದರು.

"ಹೀಗಿದ್ದರೆ ಹೊಟ್ಟೆಯ ಭಾರ ರಕ್ತನಾಳದ ಮೇಲೆ ಬೀಳಲ್ಲ, ತಲೆ ಸುತ್ತಲ್ಲ. ಎಷ್ಟು ತಿಂಗಳು? ಆರು? ಪೆನ್ಸಿಲಿನ್ ಹಿಂದೆ ತಗೊಂಡಿದ್ದೀರಾ? ಏನಾದರೂ ಆಗಿತ್ತಾ?" ಎಂದು ಒಂದೊಂದಾಗಿ ಕೇಳಿದರು. ಅವಳು ತಲೆಯಲ್ಲೇ ಉತ್ತರ ಕೊಟ್ಟಳು. "ನೋಡಮ್ಮ, ಎಕ್ಸ್-ರೇ ಬೇಡ, ಕಣ್ಣಿಗೇ ಕಾಣ್ತಿದೆ. ಇವತ್ತು ಕೀವು ಹೊರಗೆ ಬಿಡೋದು ಅಷ್ಟೆ. ಬಾಯಿ ತೆರೆಯೋ ಹಾಗಾದ ಮೇಲೆ ಹಲ್ಲು ತೆಗೀತೀನಿ. ಒಂದು ಸೂಜಿ ಚುಚ್ಚುತ್ತೆ, ಆಮೇಲೆ ಮರಗಟ್ಟುತ್ತೆ. ನೋವಾದರೆ ಕೈ ಎತ್ತು, ನಾನು ನಿಲ್ಲಿಸ್ತೀನಿ."

ಅವರು ಸೂಜಿ ಹಿಡಿಯುವ ಹೊತ್ತಿಗೆ ಹೊರಗಿನ ಬೆಳಕು ಬದಲಾಗತೊಡಗಿತ್ತು. ಬಿಸಿಲು ಮಾಸಿದ ಹಳದಿಯಾಯಿತು. ಎಲ್ಲೋ ಕಾಗೆಗಳು ಗಲಾಟೆ ಮಾಡಿ ಸುಮ್ಮನಾದವು. ಮಹಡಿಯ ಮೇಲೆ ಡಾಕ್ಟರ ತಾಯಿ ಜೋರಾಗಿ ಸ್ತೋತ್ರ ಹೇಳುವುದು ಕೇಳುತ್ತಿತ್ತು. ಡಾಕ್ಟರು ತಲೆಯೆತ್ತದೆ ಕುರ್ಚಿಯ ದೀಪ ಹಾಕಿಕೊಂಡರು. ನಾನು ಟ್ರೇ ಹಿಡಿದು ನಿಂತೆ. ಸರ್ವಮಂಗಳಳ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗಂಡನ ಕೈಯಲ್ಲಿ. ಕೀವು ಹೊರಬಂದಾಗ ಆ ಕೋಣೆಯಲ್ಲಿ ನಿಲ್ಲಲಾಗದ ವಾಸನೆ. ಡಾಕ್ಟರು ಬಟ್ಟಲು ತುಂಬಿಸಿ ಬದಲಾಯಿಸಿದರು. ಒಂದು ಹೊತ್ತಿನಲ್ಲಿ ಅವಳು ಕೈ ಎತ್ತಿದಳು. ಡಾಕ್ಟರು ತಕ್ಷಣ ನಿಲ್ಲಿಸಿ, "ನೋವಾ?" ಎಂದರು.

ಅಲ್ಲವೆಂದು ತಲೆಯಾಡಿಸಿ ಅವಳು ಗಂಡನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟಳು. ಮಗು ಒದೆಯುತ್ತಿತ್ತು. ರುದ್ರಯ್ಯ ಅಲ್ಲಿಯೇ ಅತ್ತುಬಿಟ್ಟ.

ಎದುರಿನ ನರ್ಸಿಂಗ್ ಹೋಮಿನಲ್ಲಿ ಅವಳನ್ನು ಮಲಗಿಸಿ, ಮೊದಲು ಪರೀಕ್ಷೆಗೊಂದು ಚುಚ್ಚಿ ನೋಡಿ, ಹೊತ್ತುಹೊತ್ತಿಗೆ ಪೆನ್ಸಿಲಿನ್ ಕೊಟ್ಟರು. ಬಸುರಿಯರನ್ನು ನೋಡುವ ಡಾಕ್ಟರಮ್ಮ ಬಂದು ಮಗುವಿನ ಎದೆಬಡಿತ ಕೇಳಿ, ಚೆನ್ನಾಗಿದೆ ಎಂದರು. ಭಾನುವಾರ ಜ್ವರ ಇಳಿಯಿತು. ಅವತ್ತು ಸಂಜೆ ಸರ್ವಮಂಗಳ ಗಂಜಿ ಕುಡಿದಳು. ಎಷ್ಟೋ ದಿನಗಳ ಮೇಲೆ ಒಂದು ಲೋಟ ತುಂಬ ಕುಡಿದು, ಇನ್ನೂ ಬೇಕು ಎಂದು ಲೋಟ ಚಾಚಿದಳು.

ಸೋಮವಾರ ಬೆಳಗ್ಗೆ ಸಿದ್ದಗಂಗಮ್ಮ ಬಂದಳು. ಒಬ್ಬಳೇ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಬಂದಿದ್ದಳು. ಸೊಸೆಯ ಮುಖ ಎರಡೂ ಕಡೆಯಿಂದ ನೋಡಿದಳು, ಹೊಟ್ಟೆ ಸವರಿದಳು. ಡಾಕ್ಟರ್ ಯೋಗನರಸಿಂಹ ನೋಡಲು ಬಂದಾಗ ಎದ್ದು ನಿಂತು ಕೇಳಿದಳು:

"ಸ್ವಾಮಿ, ಒಂದ್ ಮಾತು ಕೇಳ್ಲಾ? ಈ ಹಲ್ಲಿಂದ್ಲೇ ಮನುಷ್ಯ ಸಾಯ್ತಾನಾ?"

"ಸಾಯಬಹುದು ಅಮ್ಮ. ಕೀವು ದವಡೆ ಕೆಳಗೆ ಇಳಿದು ಗಂಟಲನ್ನ ಒತ್ತಿಬಿಡುತ್ತೆ. ಉಸಿರಿಗೆ ದಾರಿ ಇರಲ್ಲ. ನಿಮ್ಮ ಸೊಸೆ ಇನ್ನೊಂದು ದಿನ ಕಾದಿದ್ದರೆ ಕಷ್ಟವಾಗ್ತಿತ್ತು."

"ಮೊದ್ಲು ಕೆನ್ನೆ ಊದಿ, ಆಮ್ಯಾಕೆ ಕತ್ತು ಊದಿ, ನೀರೂ ಇಳೀದಂಗಾಗಿ, ಗೊರಗೊರ ಅಂತ ಉಸ್ರು ಎಳೆದು..."

"ಹೌದು. ಹಾಗೇ ಆಗೋದು. ಯಾರಿಗೆ ಹಾಗಾಗಿತ್ತು?"

ಸಿದ್ದಗಂಗಮ್ಮ ಮಂಚದ ಕಾಲು ಹಿಡಿದು ಕೆಳಗೆ ಕುಸಿದಳು. "ನನ್ ಮಗ್ಳು ಕಲ್ಲಮ್ಮ," ಎಂದಳು. "ಕುಣಿಗಲ್ಲಿಗೆ ಕೊಟ್ಟಿದ್ದೆ. ಹನ್ನೊಂದು ವರ್ಸ ಆಯ್ತು. ಏಳು ತಿಂಗ್ಳ ಬಸ್ರಿ. ಹಲ್ಲುನೋವು ಕಣವ್ವ, ಡಾಕ್ಟ್ರತ್ರ ಕರ್ಕೊಂಡೋಗಕ್ಕೆ ಹೇಳು ಅಂತ ಕಾಗ್ದ ಬರೆಸಿದ್ಲು. ಹೆರಿಗೆ ಆಗೋಗಂಟ ತಡ್ಕೋ ಅಂತ ನಾನೇ ಹೇಳಿ ಕಳಿಸ್ದೆ ಸ್ವಾಮಿ. ನಾನೇ. ಸತ್ತ ಮ್ಯಾಕೆ, ಹುಣಸೆಮರದ ತಾವ ಗಾಳಿ ಸೋಕ್ತು ಅಂದ್ರು. ನಂಬ್ದೆ. ನಂಬ್ಕೊಂಡೇ ಇವತ್ತಿನಗಂಟ ಅನ್ನ ತಿಂದೆ."

ಮಂಚದಿಂದ ಸರ್ವಮಂಗಳ ಇಳಿದು ಬಂದಳು. ಅತ್ತೆಯ ಪಕ್ಕ ನೆಲದ ಮೇಲೆ ಕೂತು ಆಕೆಯ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಎರಡು ದಿನದ ಹಿಂದೆ ಸಾವಿನ ಅಂಚಿನಲ್ಲಿದ್ದವಳು ಸಮಾಧಾನ ಹೇಳುತ್ತಿದ್ದಳು, ಅವಳನ್ನು ತಡೆದವಳು ಅಳುತ್ತಿದ್ದಳು. ಮೀರುವುದಕ್ಕೆ ಬೇಕಾದಷ್ಟೇ ಧೈರ್ಯ ಕ್ಷಮಿಸುವುದಕ್ಕೂ ಬೇಕೆಂದು ನನಗೆ ಅವತ್ತು ತಿಳಿಯಿತು.

ಬುಧವಾರ ಹಲ್ಲು ತೆಗೆದರು. ಆ ಹೊತ್ತಿಗೆ ಬಾಯಿ ಮೂರು ಬೆರಳು ತೆರೆಯುತ್ತಿತ್ತು. ಕುರ್ಚಿಯ ಪಕ್ಕದಲ್ಲಿ ನಿಂತು ಸೊಸೆಯ ಕೈ ಹಿಡಿದಿದ್ದವಳು ಸಿದ್ದಗಂಗಮ್ಮ. ಇಕ್ಕಳ ಬಾಯೊಳಗೆ ಹೋದಾಗ ಆಕೆ ಕಣ್ಣು ಮುಚ್ಚಲಿಲ್ಲ. ಹೊರಬಂದ ಹಲ್ಲನ್ನು ನೋಡಿ, "ಇಷ್ಟೇ ರಕ್ತವಾ?" ಎಂದು ಕೇಳಿದಳು. "ಇಷ್ಟೇ ಅಮ್ಮ," ಎಂದರು ಡಾಕ್ಟರು. "ಮುಂದೆ ಯಾರಾದರೂ ಬಸುರಿಯಾದರೆ ನೋವು ಬರೋವರೆಗೆ ಕಾಯಿಸಬೇಡಿ. ಒಂದು ಸಲ ಬಾಯಿ ತೋರಿಸಿಕೊಂಡು ಹೋಗಲಿ. ಇದೇ ಹಲ್ಲಿಗೆ ಸಂಕ್ರಾಂತಿಯಲ್ಲಿ ಬಂದಿದ್ದರೆ ಅರ್ಧ ಗಂಟೆಯ ಕೆಲಸ."

ಮೇ ತಿಂಗಳ ಕೊನೆಯಲ್ಲಿ ಸರ್ವಮಂಗಳ ಹೆಣ್ಣುಮಗುವನ್ನು ಹೆತ್ತಳು. ತುಟಿ, ಕೈಕಾಲು, ಎಲ್ಲ ಸರಿಯಾಗಿದ್ದವು. ನೋಡಲು ಬಂದ ಬೀದಿಯ ಹೆಂಗಸರು ಬಟ್ಟೆ ಸರಿಸಿ ಸರಿಸಿ ಪರೀಕ್ಷಿಸಿದರು. ಸಿದ್ದಗಂಗಮ್ಮ, "ನೋಡ್ರವ್ವ, ಚೆನ್ನಾಗ್ ನೋಡ್ರಿ," ಎಂದು ತಾನೇ ಬಿಚ್ಚಿ ತೋರಿಸಿದಳು.

ನಾನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಗುವಿಗೆ ನಾಲ್ಕು ತಿಂಗಳಾದಾಗ ಸಿದ್ದಗಂಗಮ್ಮ ಒಂದು ಭಾನುವಾರ ನನ್ನ ಬಾಗಿಲಿಗೆ ಬಂದು, "ಟೀಚರಮ್ಮ, ನನ್ ಜೊತೆ ಕುಣಿಗಲ್ಲಿಗೆ ಬತ್ತೀರಾ? ಓದಿರೋರು ಒಬ್ರು ಜೊತೇಲಿದ್ರೆ ಮಾತು ನಡೀತದೆ," ಎಂದಳು. ಮಗಳು ಸತ್ತ ಮೇಲೆ ಆಕೆ ಆ ಊರಿಗೆ ಕಾಲಿಟ್ಟಿರಲಿಲ್ಲ.

ಅಳಿಯ ಮಹಾಲಿಂಗಯ್ಯ ಬಾಗಿಲಲ್ಲಿ ನಮ್ಮನ್ನು ಕಂಡು ತಬ್ಬಿಬ್ಬಾದ. ಅವನ ತಾಯಿ ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಬೀಗಿತ್ತಿ ಬಂದಳೆಂದು ನೀರು ಕೊಡಿಸಿದರು. ಸಿದ್ದಗಂಗಮ್ಮ ಕುಡಿಯಲಿಲ್ಲ. ನಿಂತೇ ಹೇಳಿದಳು:

"ನನ್ ಕಲ್ಲಮ್ಮಂಗೆ ಗಾಳಿ ಸೋಕಿರ್ಲಿಲ್ಲ. ಹಲ್ಲಿನ ಕೀವು ಗಂಟ್ಲಿಗಿಳಿದು ಸತ್ಲು. ತುಮಕೂರಿನ ಹಲ್ಲಿನ ಡಾಕ್ಟ್ರು ನನ್ ಸೊಸೇನ ಉಳಿಸಿದಂಗೆ, ಒಂದ್ ಸೂಜಿಮದ್ದಿಗೆ ಇವ್ಳೂ ಉಳೀತಿದ್ಲು. ತಡ್ಕೋ ಅಂದೋಳು ನಾನು, ಅವ್ಳನ್ನ ಒಳಗಿಟ್ಟು ಬಾಗ್ಲು ಹಾಕ್ದೋರು ನೀವು. ಇಬ್ರೂ ಸೇರಿ ಕೊಂದ್ವಿ. ಮರದ ಮ್ಯಾಲೆ ಹಾಕೋದು ಸಾಕು. ಇದನ್ನ ಹೇಳಿ ಹೋಗಾನ ಅಂತ ಬಂದೆ."

"ಏನ್ ಮಾತಾಡ್ತೀ ಬೀಗಿತ್ತಿ, ಹನ್ನೊಂದು ವರ್ಸದ್ದು ಈವಾಗ..." ಎಂದು ಮುದುಕಿ ದನಿ ಏರಿಸಿದರು.

ಆಗ ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿ ಮುಂದೆ ಬಂದಳು. ಮಹಾಲಿಂಗಯ್ಯನ ತಮ್ಮನ ಹೆಂಡತಿ. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಹೊಟ್ಟೆ ಆಗಲೇ ಕಾಣುತ್ತಿತ್ತು.

"ನಂಗೂ ಹಿಂದ್ಲ ಹಲ್ಲು ನೋಯ್ತಾ ಐತೆ ಅಮ್ಮ," ಎಂದಳು ಸಿದ್ದಗಂಗಮ್ಮನಿಗೆ. "ಒಂದ್ ತಿಂಗ್ಳಾಯ್ತು. ಇಲ್ಲಿ ಯಾರ್ಗೂ ಹೇಳಿಲ್ಲ."

"ಒಳಕ್ಕೆ ಹೋಗಮ್ಮಿ," ಎಂದರು ಅವಳ ಅತ್ತೆ.

ಹುಡುಗಿ ಒಂದು ಸಲ ಒಳಬಾಗಿಲ ಕಡೆ ನೋಡಿದಳು. "ಹೋಗಲ್ಲ ಅತ್ತೆ," ಎಂದಳು. ಎಲ್ಲರಿಗೂ ಕೇಳಿಸಿತು. "ಆ ಡಾಕ್ಟ್ರು ಎಲ್ಲವ್ರೆ ಅಂತ ಕೇಳ್ಕೊಂಡು ಹೋಗ್ತೀನಿ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮಹಾಲಿಂಗಯ್ಯ ಎದ್ದ. ತಾಯಿಯ ಮುಖ ನೋಡಲಿಲ್ಲ. ಗೂಟದಲ್ಲಿದ್ದ ಅಂಗಿ ತೆಗೆದು ತೊಟ್ಟುಕೊಳ್ಳುತ್ತ, "ತುಮಕೂರಿಗೆ ಮೂರು ಗಂಟೆಗೆ ಬಸ್ಸೈತೆ," ಎಂದ. "ನಡೀರಿ, ನಾನೂ ಬತ್ತೀನಿ. ತಮ್ಮಂಗೆ ದಾರೀಲಿ ಹೇಳಾನ."

ಕುಣಿಗಲ್ಲಿಗೆ ಹೋದವರು ಇಬ್ಬರು. ಬಸ್ಸು ಹತ್ತುವಾಗ ನಾಲ್ವರಾಗಿದ್ದೆವು. ಸಿದ್ದಗಂಗಮ್ಮ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ, ಎಷ್ಟು ತಿಂಗಳು, ಊಟ ಸೇರುತ್ತದೆಯೇ, ನೋವು ಯಾವ ಕಡೆ ಎಂದು ಒಂದೊಂದಾಗಿ ವಿಚಾರಿಸತೊಡಗಿದಳು.